ತಂಪಣ್ಣನ ಮನೆಯ ಹವಾಮಾನ

ಊರಿನ ಅರ್ಧ ಫ್ರಿಜ್ಜುಗಳ ಹೊಟ್ಟೆಗೆ ಕೈಹಾಕಿ ಗುಣಪಡಿಸಿದ ಮನುಷ್ಯನ ಹೆಂಡತಿಯೇ ಸ್ವಂತ ಮನೆಯ ಸ್ವಂತ ಮಂಚದ ಮೇಲೆ ಕೂತು ‘ಉಶ್ಶಪ್ಪಾ, ಸೆಖೆ!’ ಎಂದರೆ ಅದಕ್ಕಿಂತ ದೊಡ್ಡ ಅವಮಾನ ಯಾವುದಿದೆ?

ತಂಪಣ್ಣನಿಗೆ ಆಗಿದ್ದು ಅದೇ. ಅವನ ಕಸುಬೇ ತಂಪು ಮಾಡುವುದು. ಫ್ರಿಜ್ಜು, ಏಸಿ, ಔಷಧಿ ಅಂಗಡಿಯ ತಣ್ಣನೆ ಪೆಟ್ಟಿಗೆ, ಯಾವುದು ಬಿಸಿಯಾದರೂ ಜನ ಅವನಿಗೇ ಫೋನ್ ಮಾಡುತ್ತಿದ್ದರು. ಅವನ ನಿಜವಾದ ಹೆಸರು ಅಂಗಡಿಯ ಫಲಕದ ಮೇಲೆ ಇತ್ತಾದರೂ ಬಿಸಿಲಿಗೆ ಬಣ್ಣ ಹಾರಿ ಬಹಳ ಕಾಲವಾಗಿತ್ತು. ಎಲ್ಲರಿಗೂ ಅವನು ತಂಪಣ್ಣ. ಇಂಥ ತಂಪಣ್ಣನ ಮನೆಯಲ್ಲಿ ಈಚೆಗೆ ಹವಾಮಾನ ಕೆಟ್ಟಿತ್ತು.

ಕೆಟ್ಟಿದ್ದು ಹೀಗೆ. ಹೆಂಡತಿ ತಟ್ಟೆ ತೊಳೆಯುತ್ತಲೋ ಪೇಪರ್ ಓದುತ್ತಲೋ ಇರುವಾಗ ಇದ್ದಕ್ಕಿದ್ದಂತೆ ಅವಳ ಎದೆಯಿಂದ ಒಂದು ಕೆಂಪು ಹೊರಟು, ಕುತ್ತಿಗೆ ಹತ್ತಿ, ಕಿವಿಯವರೆಗೂ ಏರುತ್ತಿತ್ತು. ಹಣೆಯಲ್ಲಿ ಬೆವರು ಕಿತ್ತುಕೊಂಡು ಬರುತ್ತಿತ್ತು. ಅವಳು ಎದ್ದು ಫ್ಯಾನನ್ನು ಜೋರಾಗಿ ತಿರುಗಿಸುತ್ತಿದ್ದಳು. ಅದೇ ಕೋಣೆಯಲ್ಲಿ ಉಣ್ಣೆ ಟೋಪಿ, ಸ್ವೆಟರ್, ಎರಡು ಜೊತೆ ಕಾಲುಚೀಲಗಳ ಸಮೇತ ವಿರಾಜಮಾನಳಾಗಿರುತ್ತಿದ್ದ ತಂಪಣ್ಣನ ಅಮ್ಮ ಎದ್ದು ಫ್ಯಾನ್ ಆರಿಸುತ್ತಿದ್ದಳು. ಸೊಸೆ ಹಾಕುವುದು, ಅತ್ತೆ ಆರಿಸುವುದು. (ಅತ್ತೆ ಸೊಸೆ ಜಗಳವಾಡುವುದಿಲ್ಲ ಎಂಬುದು ಆ ಮನೆಯ ಹೆಗ್ಗಳಿಕೆ. ನಿಜ, ಆಡುತ್ತಿರಲಿಲ್ಲ. ಆಡಬೇಕಾದ ಮಾತನ್ನೆಲ್ಲ ಸ್ವಿಚ್ಚೇ ಆಡುತ್ತಿತ್ತು.) ಸ್ವಲ್ಪ ಹೊತ್ತಿಗೆ ಸೊಸೆಗೇ ಚಳಿ ಹತ್ತಿ, ಅತ್ತೆಯ ಶಾಲಿನ ಒಂದು ತುದಿಯನ್ನು ತನ್ನ ಹೆಗಲಿಗೆ ಎಳೆದುಕೊಳ್ಳುತ್ತಿದ್ದಳು.

“ಈ ಕೋಣೆ ಇಪ್ಪತ್ನಾಲ್ಕು ಡಿಗ್ರಿ ಇದೆ ಕಣೇ,” ಎಂದು ತಂಪಣ್ಣ ಥರ್ಮಾಮೀಟರು ಮುಂದೆ ಹಿಡಿಯುತ್ತಿದ್ದ. “ಸೆಖೆ ಆಗೋಕೆ ಕಾರಣವೇ ಇಲ್ಲ.”

“ಹೌದಾ? ಹಾಗಾದ್ರೆ ಈ ಬೆವರು ಯಾರದ್ರೀ? ಪಕ್ಕದ ಮನೆಯವರದಾ?”

“ಯಂತ್ರ ಸುಳ್ಳು ಹೇಳಲ್ಲ.”

“ಅಂದ್ರೆ ನಾನು ಹೇಳ್ತೀನಿ ಅಂತಾನಾ?”

ಸಂಸಾರಸ್ಥರಾದ ಓದುಗರಿಗೆ ಗೊತ್ತಿರುವಂತೆ ಈ ಪ್ರಶ್ನೆಗೆ ಉತ್ತರ ಕೊಟ್ಟು ಬದುಕಿದವರಿಲ್ಲ. ತಂಪಣ್ಣ ಥರ್ಮಾಮೀಟರನ್ನು ಜೇಬಿಗಿಳಿಸಿದ.

ಹೆಂಡತಿ ಕಾರಣ ಹೇಳಿರಲಿಲ್ಲ ಎಂದಲ್ಲ. ಒಂದು ದಿನ ನೇರವಾಗಿಯೇ ಹೇಳಿದ್ದಳು: “ನೋಡ್ರೀ, ಮುಟ್ಟು ನಿಂತು ವರ್ಷದ ಮೇಲಾಯ್ತು. ಇದು ಋತುಬಂಧದ ಸೆಖೆ.” ಕೊಳೆತ ತರಕಾರಿಯ ಫ್ರಿಜ್ಜಿನೊಳಗೆ ಮೂಗು ತೂರಿಸಲು ಹೇಸದ ಗಂಡಸು ಆ ಒಂದು ಮಾತಿಗೆ ಬೆಚ್ಚಿಬಿದ್ದು, ಪೇಪರಿನ ಟೆಂಡರ್ ಜಾಹೀರಾತುಗಳಲ್ಲಿ ತಲೆ ಹುದುಗಿಸಿದ. ಸೇತುವೆ ಕಟ್ಟುವ ಟೆಂಡರನ್ನು ಅವನು ಅಷ್ಟು ಶ್ರದ್ಧೆಯಿಂದ ಓದಿದ್ದು ಅದೇ ಮೊದಲು. ಅದು ಹೆಂಗಸರ ವಿಷಯ, ಹೆಂಗಸರೇ ನೋಡಿಕೊಳ್ಳುತ್ತಾರೆ ಎಂಬುದು ಅವನ ಸಿದ್ಧಾಂತ.

ಸಿದ್ಧಾಂತಕ್ಕೆ ಪೆಟ್ಟು ಬಿದ್ದಿದ್ದು ಒಂದು ಸಂಜೆ ಊಟದ ಮೇಜಿನಲ್ಲಿ.

ಹೆಂಡತಿಗೆ ಊರಿಗೆ ನೀರು ಪೂರೈಸುವ ಮಂಡಳಿಯ ಪ್ರಯೋಗಾಲಯದಲ್ಲಿ ಕೆಲಸ. ಊರಿನ ನಲ್ಲಿಗಳಲ್ಲಿ ಬರುವ ನೀರನ್ನು ಪರೀಕ್ಷಿಸುವ ಹಿರಿಯ ರಸಾಯನತಜ್ಞೆ. ಅಲ್ಲಿನ ಮುಖ್ಯಸ್ಥರು ನಿವೃತ್ತರಾಗುವವರಿದ್ದರು. ಅವರ ಕುರ್ಚಿಗೆ ಇಬ್ಬರ ಹೆಸರು ಕೇಳಿಬರುತ್ತಿತ್ತು. ಒಂದು ಅವಳದು. ಇನ್ನೊಂದು, ಸಿಬ್ಬಂದಿಯೆಲ್ಲ ಬೆನ್ನ ಹಿಂದೆ ‘ಸುಮಾರು ಸಾಹೇಬರು’ ಎಂದು ಕರೆಯುವ ಸಹೋದ್ಯೋಗಿಯದು. ಆ ಮಹನೀಯರಿಗೆ ಅಳತೆ ಎಂದರೆ ಅಲರ್ಜಿ. ನೀರು ಹೇಗಿದೆ ಸಾರ್ ಎಂದರೆ ಗಾಜಿನ ಲೋಟವನ್ನು ಕಿಟಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, “ಸುಮಾರಾಗಿದೆ” ಎನ್ನುತ್ತಿದ್ದರು.

“ನಾನು ಆ ಕೆಲಸ ಬೇಡ ಅಂತ ಹೇಳ್ಬಿಡ್ತೀನಿ,” ಎಂದಳು ಹೆಂಡತಿ, ತಟ್ಟೆ ನೋಡುತ್ತ.

ತಂಪಣ್ಣನ ತುತ್ತು ಕೈಯಲ್ಲೇ ನಿಂತಿತು. “ಏನಂದೆ?”

“ಮಂಡಳಿ ಸದಸ್ಯರ ಮುಂದೆ ಎದ್ದು ನಿಂತು ಮಾತಾಡ್ಬೇಕು. ಅವರ ಪ್ರಶ್ನೆಗೆ ಉತ್ತರ ಕೊಡ್ಬೇಕು. ಹೋದ ತಿಂಗಳ ಸಭೇಲಿ ಏನಾಯ್ತು ಗೊತ್ತಾ? ವರದಿ ಓದ್ತಾ ಇದ್ದೆ. ಮಧ್ಯದಲ್ಲಿ ಶುರುವಾಯ್ತು ನೋಡಿ, ಮುಖ ಎಲ್ಲ ಕೆಂಪು, ಕನ್ನಡಕದ ಮೇಲೆ ಬೆವರು. ಒಬ್ಬರು ಕೇಳಿದ್ರು, ‘ಯಾಕೆ ಮೇಡಂ, ಇಷ್ಟೊಂದು ಹೆದರ್ತಿದೀರಿ? ವರದಿ ಸರಿ ಇಲ್ವಾ?’ ಅಂತ. ಎಲ್ಲರೂ ಕಾಗದ ತಿರುವಿ ತಿರುವಿ ನೋಡೋಕೆ ಶುರು ಮಾಡಿದ್ರು.” ಅವಳ ಧ್ವನಿ ಸಣ್ಣದಾಯಿತು. “ನನ್ನ ಬೆವರು ನೋಡಿ ನನ್ನ ಲೆಕ್ಕ ತಪ್ಪು ಅಂದ್ಕೊಂಡ್ರು ಕಣ್ರೀ.”

ಅವಳ ಲೆಕ್ಕ! ತರಕಾರಿ ತಕ್ಕಡಿಯ ಮುಳ್ಳು ನಿಲ್ಲುವವರೆಗೆ ಅಂಗಡಿಯವನನ್ನು ಉಸಿರಾಡಲು ಬಿಡದ ಹೆಂಗಸಿನ ಲೆಕ್ಕ! ತಂಪಣ್ಣನ ರಕ್ತ ಕುದಿಯಿತು. ಮದುವೆಯಾದಂದಿನಿಂದ ಆ ಲೆಕ್ಕಗಳ ಕೈಯಲ್ಲಿ ಸಿಕ್ಕಿ ನಲುಗಿದವನು ಅವನು. ಅವು ತಪ್ಪು ಎನ್ನುವ ಹಕ್ಕು ಯಾರಿಗಾದರೂ ಇದ್ದರೆ ಅದು ಅವನಿಗೆ, ಅವನಿಗೂ ಧೈರ್ಯವಿರಲಿಲ್ಲ. ಮಂಡಳಿಯ ಸಭಾಂಗಣ, ಪ್ರಯೋಗಾಲಯಗಳ ಏಸಿ, ತಣ್ಣನೆ ಬೀರುಗಳ ದುರಸ್ತಿಯ ಗುತ್ತಿಗೆ ಅವನದೇ ಆಗಿದ್ದರಿಂದ ಸುಮಾರು ಸಾಹೇಬರನ್ನೂ ಅವನು ಹತ್ತಿರದಿಂದ ಕಂಡಿದ್ದ. ಆ ಮನುಷ್ಯ ಮುಖ್ಯಸ್ಥನಾದರೆ ಊರಿಗೆ ಊರೇ ಅಂದಾಜಿನ ನೀರು ಕುಡಿಯಬೇಕು.

“ನೀನು ಬೇಡ ಅನ್ಕೂಡ್ದು. ಸೆಖೆ ನನಗೆ ಬಿಡು. ಅದು ನನ್ನ ಡಿಪಾರ್ಟ್‌ಮೆಂಟು,” ಎಂದು ಎದೆ ತಟ್ಟಿಕೊಂಡ.

ಮುಂದಿನ ಭಾನುವಾರ ಬೆಳಿಗ್ಗೆ ಅವನು ಮಲಗುವ ಕೋಣೆಯ ಗೋಡೆಗೆ ಒಂದು ದೈತ್ಯ ಯಂತ್ರವನ್ನು ಕೂರಿಸಿದ. ಮುಚ್ಚಿಹೋದ ಐಸ್‌ಕ್ರೀಮ್ ಗೋದಾಮಿನಿಂದ ತಂದಿದ್ದು. ಗುಂಡಿ ಒತ್ತಿದ ಕೂಡಲೇ ವಿಮಾನ ಹೊರಟಂಥ ಸದ್ದು. ಪರದೆಗಳು ಅಡ್ಡಡ್ಡ ನಿಂತವು. ತಲೆಗೆ ಹಚ್ಚುವ ಎಣ್ಣೆ ಶೀಸೆಯಲ್ಲೇ ಹೆಪ್ಪುಗಟ್ಟಿತು. ಅಮ್ಮ ತನ್ನ ಕುರ್ಚಿಯನ್ನು ಎಳೆದುಕೊಂಡು ಹೋಗಿ ಅಡುಗೆಮನೆಯ ಒಲೆಯ ಪಕ್ಕ ಬಿಡಾರ ಹೂಡಿದಳು. ತಂಪಣ್ಣ ಮೂರು ಅಂಗಿ ಹಾಕಿಕೊಂಡು, ಮೂಗೊರೆಸಿಕೊಳ್ಳುತ್ತ, ಹೆಂಡತಿಯ ಎದುರು ವಿಜಯಿಯಂತೆ ನಿಂತ.

“ಹೇಗಿದೆ?”

“ಚಳಿ,” ಎಂದಳು ಅವಳು ಹಲ್ಲು ಕಟಕಟಿಸುತ್ತ, ಕಂಬಳಿಯೊಳಗಿಂದ.

“ನೋಡಿದ್ಯಾ!”

ಅಷ್ಟರಲ್ಲಿ ಅವಳ ಕುತ್ತಿಗೆ ಕೆಂಪಾಯಿತು. ಅವಳು ಕಂಬಳಿ ಕಿತ್ತೆಸೆದಳು. ಆ ಹಿಮಾಲಯದ ಮಧ್ಯೆ ಅವಳ ಹಣೆಯ ಮೇಲೆ ಬೆವರಿನ ಸಾಲು. ತಂಪಣ್ಣ ಥರ್ಮಾಮೀಟರು ನೋಡಿದ, ಹೆಂಡತಿಯನ್ನು ನೋಡಿದ, ಮತ್ತೆ ಥರ್ಮಾಮೀಟರು ನೋಡಿದ. ಆಮೇಲೆ ಸೀನಿದ.

ಅಡುಗೆಮನೆಯಿಂದ ಅಮ್ಮನ ಧ್ವನಿ ಬಂತು: “ಲೋ, ಅವಳೇನು ಫ್ರಿಜ್ಜೇನೋ? ಡಾಕ್ಟ್ರ ಹತ್ರ ಕರ್ಕೊಂಡು ಹೋಗೋ. ನಮ್ಮ ಕಾಲದಲ್ಲಿ ಅದೂ ಇರ್ಲಿಲ್ಲ. ನಾನು ತಣ್ಣನೆ ನೆಲದ ಮೇಲೆ ಹೋಗಿ ಮಲಗ್ತಿದ್ದೆ. ನಿಮ್ಮಪ್ಪ ನಾನು ಮುನಿಸ್ಕೊಂಡಿದೀನಿ ಅಂದ್ಕೊಂಡು ಮಿಠಾಯಿ ತರ್ತಿದ್ರು.”

“ನೀನು ಹೇಳಲಿಲ್ವಾ ಅಮ್ಮಾ?”

“ಯಾಕೆ ಹೇಳ್ಬೇಕು? ಮಿಠಾಯಿ ಚೆನ್ನಾಗಿರ್ತಿತ್ತು.”

ಹಾಗೆ ಸೋಮವಾರ ಮೂವರೂ ಸ್ತ್ರೀರೋಗ ತಜ್ಞೆಯ ಕ್ಲಿನಿಕ್ಕಿಗೆ ಹೋದರು. ತಂಪಣ್ಣ ಹೊರಗಿನ ಬೆಂಚಿನಲ್ಲಿ, ಗೋಡೆಯ ಮೇಲಿನ ಮಕ್ಕಳ ಲಸಿಕೆಯ ಪಟ್ಟಿಯನ್ನು ಬಾಯಿಪಾಠ ಮಾಡುವವನಂತೆ ಕೂತ.

“ಹೊರಗೆ ಬಿಟ್ಟು ಹೋಗೋಕೆ ನೀವೇನು ಒದ್ದೆ ಕೊಡೆಯೇನ್ರೀ? ಬನ್ನಿ ಒಳಗೆ,” ಎಂದಳು ಹೆಂಡತಿ.

ಡಾಕ್ಟರು ಎಲ್ಲವನ್ನೂ ಕೇಳಿದರು: ನಿದ್ದೆ ಹೇಗೆ, ಮನಸ್ಸು ಹೇಗೆ, ಕೀಲುನೋವು ಇದೆಯೇ, ಮನೆತನದಲ್ಲಿ ಯಾರಿಗಾದರೂ ಸ್ತನದ ಕ್ಯಾನ್ಸರ್ ಇತ್ತೇ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿತ್ತೇ. ತಂಪಣ್ಣ ಮೇಜಿನ ಮೇಲಿನ ಪೇಪರ್‌ವೇಟನ್ನೇ ದಿಟ್ಟಿಸುತ್ತಿದ್ದ. ಆಗ ಡಾಕ್ಟರು ಒಂದು ಮಾತು ಹೇಳಿದರು, ಅವನ ಕಿವಿ ನೆಟ್ಟಗಾಯಿತು.

“ನಮ್ಮ ತಲೆಯೊಳಗೂ ಒಂದು ಥರ್ಮೋಸ್ಟಾಟ್ ಇದೆ. ಇಷ್ಟು ಬಿಸಿಯಾದ್ರೆ ಬೆವರಿಸು, ಇಷ್ಟು ತಣ್ಣಗಾದ್ರೆ ನಡುಗಿಸು ಅಂತ ಎರಡು ಗೆರೆ ಅಂದ್ಕೊಳ್ಳಿ. ನಡುವೆ ಒಂದಿಷ್ಟು ಅಂತರ ಇರುತ್ತೆ. ಈ ವಯಸ್ಸಿನಲ್ಲಿ ಈಸ್ಟ್ರೋಜನ್ ಅನ್ನೋ ಹಾರ್ಮೋನು ಇಳಿದಾಗ ಆ ಗೆರೆಗಳು ಹತ್ತಿರ ಬಂದ್ಬಿಡ್ತವೆ. ಒಂದು ಲೋಟ ಬಿಸಿ ಕಾಫಿಯಾದ್ರೂ ಸಾಕು, ಮೇಲಿನ ಗೆರೆ ದಾಟೋಕೆ. ಬೆವರಿ ತಣ್ಣಗಾದ್ರೆ ಕೆಳಗಿನ ಗೆರೆ.”

ತಂಪಣ್ಣ ಕುರ್ಚಿಯಿಂದ ಅರ್ಧ ಎದ್ದಿದ್ದ. “ಅಂದ್ರೆ ಆನ್ ಆಗೋದು ಆಫ್ ಆಗೋದು ಎರಡೂ ಪಕ್ಕಪಕ್ಕದಲ್ಲೇ ಬಂದ್ಬಿಟ್ಟಿವೆ! ಹಳೇ ಫ್ರಿಜ್ಜುಗಳಲ್ಲಿ ಆಗುತ್ತೆ ಡಾಕ್ಟ್ರೇ! ಸುಮ್ಸುಮ್ನೆ ಸ್ಟಾರ್ಟು, ಸುಮ್ಸುಮ್ನೆ ಕಟ್ಟು. ಕಂಪ್ರೆಸರ್ ಏನೂ ಕೆಟ್ಟಿರಲ್ಲ!”

“ಹಳೇ ಫ್ರಿಜ್ಜಾ?” ಎಂದಳು ಹೆಂಡತಿ.

“ಹೊಸದ್ರಲ್ಲೂ ಆಗುತ್ತೆ,” ಎಂದು ತಂಪಣ್ಣ ಅಷ್ಟೇ ವೇಗದಲ್ಲಿ ತಿದ್ದಿಕೊಂಡ.

ಡಾಕ್ಟರು ನಕ್ಕರು. ಸೆಖೆ ಒಂದೇ ಅಲ್ಲ, ಇನ್ನು ಮುಂದೆ ಮೂಳೆ, ಹೃದಯ ಎರಡನ್ನೂ ನೋಡಿಕೊಳ್ಳಬೇಕು ಎಂದರು. ರಕ್ತದೊತ್ತಡ, ಸಕ್ಕರೆ, ಕೊಬ್ಬು, ಸ್ತನದ ತಪಾಸಣೆ ಎಲ್ಲ ಮಾಡಿಸಿ. ಹಾಲು, ಮೊಸರು, ಸೊಪ್ಪು ಬಿಡಬೇಡಿ. ನಡಿಗೆಯ ಜೊತೆಗೆ ವಾರಕ್ಕೆ ಎರಡು ದಿನವಾದರೂ ಭಾರ ಎತ್ತುವ ವ್ಯಾಯಾಮ ಮಾಡಿ. ತೆಳುವಾದ ಬಟ್ಟೆ ಒಂದರ ಮೇಲೊಂದು ಹಾಕಿಕೊಂಡರೆ ಬೇಕೆಂದಾಗ ತೆಗೆಯಬಹುದು. ಮುಟ್ಟು ನಿಂತು ವರ್ಷವಾದ ಮೇಲೆ ಮತ್ತೆ ಒಂದು ಹನಿ ರಕ್ತ ಕಂಡರೂ ತಡಮಾಡದೆ ಬನ್ನಿ ಎಂದರು. ಪರೀಕ್ಷೆಗಳೆಲ್ಲ ಸರಿಯಾಗಿ ಬಂದ ಮೇಲೆ, ಮುಂದಿನ ಭೇಟಿಯಲ್ಲಿ, ಹಾರ್ಮೋನು ಔಷಧಿಯ ಒಳಿತು ಕೆಡುಕು ಎರಡನ್ನೂ ಬಿಡಿಸಿ ಹೇಳಿದರು. ಎಲ್ಲರಿಗೂ ಹೊಂದುವುದಿಲ್ಲ, ನಿಮಗೆ ಹೊಂದಬಹುದು, ತೀರ್ಮಾನ ನಿಮ್ಮದು ಎಂದರು. ಹೆಂಡತಿ ಪ್ರಶ್ನೆಗಳ ಮೇಲೆ ಪ್ರಶ್ನೆ ಕೇಳಿ, ಡಾಕ್ಟರು ನೀರು ಕುಡಿಯುವಂತೆ ಮಾಡಿ, ಕೊನೆಗೆ ಒಪ್ಪಿದಳು.

ಅಂದಿನಿಂದ ತಂಪಣ್ಣ ಬೇರೆಯೇ ಮನುಷ್ಯನಾದ. ಗೋದಾಮಿನ ದೈತ್ಯ ಗೋಡೆಯಿಂದಿಳಿಯಿತು. ಮೊದಲು ಆ ವಿಷಯದ ಹೆಸರೆತ್ತದವನು ಈಗ ಅಂಗಡಿಗೆ ಬಂದ ಗಿರಾಕಿಗಳನ್ನೆಲ್ಲ ಹಿಡಿದು ಕೂರಿಸಿ ಎರಡು ಗೆರೆಗಳ ಉಪನ್ಯಾಸ ಕೊಡತೊಡಗಿದ. (ಏಸಿಗೆ ಗ್ಯಾಸ್ ತುಂಬಿಸಲು ಬಂದ ಒಬ್ಬ ದರ್ಜಿ ಉಪನ್ಯಾಸ ಕೇಳಿ, ಏಸಿ ಅಲ್ಲೇ ಬಿಟ್ಟು, ಮನೆಗೆ ಓಡಿಹೋಗಿ ಹೆಂಡತಿಯ ಕ್ಷಮೆ ಕೇಳಿದನಂತೆ.) ಮನೆಯಲ್ಲಿ ಸೊಸೆ ಬಾಟಲಿಗಳಿಗೆ ಮಿಲಿಲೀಟರು ತಪ್ಪದಂತೆ ನೀರು ತುಂಬಿ ಎತ್ತಿಳಿಸುತ್ತಿದ್ದಳು, ಅತ್ತೆ ಸ್ವೆಟರ್ ಕಳಚಿ, ಅರ್ಧ ತುಂಬಿದ ಬಾಟಲಿಗಳೊಂದಿಗೆ ಪಕ್ಕದಲ್ಲೇ ನಿಂತು, “ನನ್ನ ಮೂಳೆನೂ ಮೂಳೆನೇ” ಎನ್ನುತ್ತಿದ್ದಳು. ವಾರಗಳು ಕಳೆದಂತೆ ಸೆಖೆಯ ಅಬ್ಬರ ಇಳಿಯಿತು, ನಿದ್ದೆ ಬಂತು, ಸ್ವಿಚ್ಚಿನ ಮೂಲಕ ಮಾತುಕತೆ ನಿಂತಿತು. ಆದರೂ ಆಗೊಮ್ಮೆ ಈಗೊಮ್ಮೆ, ಮನಸ್ಸಿಗೆ ಒತ್ತಡ ಬಿದ್ದಾಗ, ಆ ಕೆಂಪು ಏರುತ್ತಲೇ ಇತ್ತು.

“ಆಯ್ಕೆ ಸಭೆಯ ದಿನವೇ ಇದು ಬಂದ್ರೆ?” ಎಂದಳು ಹೆಂಡತಿ. “ಹೋಗ್ತೀನಿ. ಆದ್ರೆ ಇನ್ನೊಂದ್ಸಲ ಹಾಗೆ ಕೇಳಿಸ್ಕೊಂಡ್ರೆ ಎದ್ದು ಬಂದ್ಬಿಡ್ತೀನಿ, ಹೇಳಿದೀನಿ.”

ತಂಪಣ್ಣನ ತಲೆಯಲ್ಲಿ ಒಂದು ಮಹೋನ್ನತ ಯೋಜನೆ ಮೊಳಕೆಯೊಡೆದಿತ್ತು. ಸಭಾಂಗಣದ ಏಸಿಯ ಶಾಖ ಅಳೆಯುವ ಪುಟ್ಟ ತಂತಿ ಇರುವುದು ದೂರದ ಗೋಡೆಯಲ್ಲಿ. ಗೋಡೆಗೆ ಸೆಖೆಯಾದರೇನು, ಬಿಟ್ಟರೇನು? ಹೆಂಡತಿಯ ಎರಡು ಗೆರೆಗಳು ಹತ್ತಿರವಿದ್ದರೆ ಅವಳ ಸುತ್ತಲ ಗಾಳಿ ಅಲುಗಾಡದಂತೆ ಒಂದೇ ಮಟ್ಟದಲ್ಲಿರಬೇಕು. ಆದ್ದರಿಂದ ಆ ತಂತಿ ಅವಳು ನಿಂತು ಮಾತಾಡುವ ಪೀಠದ ಅಡಿಯಲ್ಲಿರಬೇಕು. ತರ್ಕದಲ್ಲಿ ಲೋಪವೇ ಇಲ್ಲ. ಸಭೆಯ ದಿನ ಬೆಳಿಗ್ಗೆ, ದುರಸ್ತಿಯ ನೆಪದಲ್ಲಿ ಹೋಗಿ, ತಂತಿಯನ್ನು ಎಳೆದು ಪೀಠದ ಕೆಳಗೆ ನೀಲಿ ಟೇಪಿನಿಂದ ಕಟ್ಟಿ, ಪಕ್ಕದ ಯಂತ್ರದ ಕೋಣೆ ಸೇರಿ ಜಾಲರಿಯ ಸಂದಿಗೆ ಕಣ್ಣಿಟ್ಟು ಕೂತ.

ಪೀಠದ ಅಡಿಯಲ್ಲೇ ಪ್ರೊಜೆಕ್ಟರು ಇಡುತ್ತಾರೆ, ಅದು ಬಿಸಿಗಾಳಿ ಉಗುಳುತ್ತದೆ ಎಂಬ ಒಂದು ಸಂಗತಿ ಮಾತ್ರ ಅವನ ತರ್ಕಕ್ಕೆ ಸಿಕ್ಕಿರಲಿಲ್ಲ.

ಸುಮಾರು ಸಾಹೇಬರ ಸರದಿ ಮೊದಲು. ಪ್ರೊಜೆಕ್ಟರು ಹೊತ್ತಿತು. ತಂತಿಗೆ ಬಿಸಿ ತಟ್ಟಿತು. ಸಭಾಂಗಣಕ್ಕೆ ಬೆಂಕಿ ಬಿದ್ದಿದೆ ಎಂದು ನಂಬಿದ ಏಸಿ ತನ್ನ ಸರ್ವಶಕ್ತಿಯಿಂದ ಊದತೊಡಗಿತು. ಅಧ್ಯಕ್ಷರು ಕೋಟಿನ ಗುಂಡಿ ಹಾಕಿಕೊಂಡರು. ಸದಸ್ಯರು ಕೈಗಳನ್ನು ಕಂಕುಳಿಗೆ ಸೇರಿಸಿದರು. “ಊರ ಕೊನೆಯ ನಲ್ಲಿಯಲ್ಲಿ ಕ್ಲೋರಿನ್ ಎಷ್ಟಿದೆ?” ಎಂದು ಅಧ್ಯಕ್ಷರು ಕೇಳಿದಾಗ ಸುಮಾರು ಸಾಹೇಬರು, “ಸು-ಸು-ಸುಮಾರಾಗಿ ಇದೆ ಸಾರ್,” ಎಂದು ನಡುಗಿದರು. ಜಾಲರಿಯ ಹಿಂದೆ ತಂಪಣ್ಣ ಗುಂಡಿಗಳನ್ನು ಒತ್ತಿದ್ದೇ ಒತ್ತಿದ್ದು. ಯಂತ್ರ ತಂತಿಯ ಮಾತನ್ನೇ ನಂಬಿತು, ಅವನದನ್ನಲ್ಲ.

ಆಮೇಲೆ ಹೆಂಡತಿ ಪೀಠಕ್ಕೆ ಬಂದಳು. ಎರಡು ಮಾತಾಡುವಷ್ಟರಲ್ಲಿ ಕುತ್ತಿಗೆ ಕೆಂಪಾಯಿತು.

ಸೆಖೆಯ ಕೋಣೆಯಲ್ಲಾಗಿದ್ದರೆ ಎಲ್ಲರೂ ಬೆವರುತ್ತಿದ್ದರು, ಅವಳ ಬೆವರು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಈಗ ಎಲ್ಲರೂ ಗಡಗಡ ನಡುಗುವ ಆ ಹಿಮದ ಗುಹೆಯಲ್ಲಿ ಅವಳೊಬ್ಬಳೇ ಬೆವರುತ್ತ ನಿಂತಿದ್ದಳು. ಇದಕ್ಕಿಂತ ಚೆನ್ನಾಗಿ ಅವಳ ಮರ್ಯಾದೆ ತೆಗೆಯುವ ಉಪಾಯವನ್ನು ಶತ್ರುವೂ ಹುಡುಕಲಾರ. ತಂಪಣ್ಣನಿಗೆ ಯಂತ್ರದ ಕೋಣೆಯ ನೆಲ ಬಾಯಿಬಿಡಬಾರದೇ ಎನಿಸಿತು.

“ಇಂಥ ಚಳೀಲೂ ಬೆವರ್ತಿದೀರಲ್ಲ ಮೇಡಂ?” ಎಂದರು ಹಿಂದಿನ ಸಭೆಯಲ್ಲೂ ಕೇಳಿದ್ದ ಅದೇ ಸದಸ್ಯರು. “ಏನು ಅಷ್ಟೊಂದು ಭಯ?”

ಅವಳು ಕಾಗದ ಕೆಳಗಿಟ್ಟಳು. ಎದ್ದು ಬರುತ್ತಾಳೆ ಎಂದು ತಂಪಣ್ಣ ಕಣ್ಣು ಮುಚ್ಚಿದ.

“ಭಯ ಅಲ್ಲ ಸರ್, ಋತುಬಂಧ,” ಎಂದಳು ಅವಳು, ನಲ್ಲಿ ನೀರಿನ ಫಲಿತಾಂಶ ಓದುವಷ್ಟೇ ಸಮಾಧಾನವಾಗಿ. “ಮೆದುಳಿನ ಶಾಖ ನಿಯಂತ್ರಣ ಸ್ವಲ್ಪ ಸೂಕ್ಷ್ಮವಾಗಿರುತ್ತೆ. ಚಿಕಿತ್ಸೆ ತಗೋತಿದೀನಿ, ಬಹಳ ಕಡಿಮೆಯಾಗಿದೆ. ಬೆವರು ಬಂದು ಹೋಗುತ್ತೆ, ಅಂಕಿ ಸಂಖ್ಯೆ ಹೋಗಲ್ಲ. ಅಧ್ಯಕ್ಷರು ಕೇಳಿದ ನಲ್ಲಿಯಲ್ಲಿ ಇವತ್ತು ಬೆಳಿಗ್ಗೆ ಲೀಟರಿಗೆ ಸೊನ್ನೆ ಪಾಯಿಂಟ್ ಮೂರು ಮಿಲಿಗ್ರಾಂ ಕ್ಲೋರಿನ್ ಇತ್ತು. ಸೊನ್ನೆ ಪಾಯಿಂಟ್ ಎರಡಕ್ಕಿಂತ ಇಳಿದ್ರೆ ನಾನು ಎಂಜಿನಿಯರಿಗೆ ಫೋನ್ ಮಾಡ್ತೀನಿ. ಮಾಡಿದಾಗೆಲ್ಲ ಅವರು ಬೈಕೊಂಡು ಸರಿಮಾಡಿದಾರೆ. ಬೇಕಾದ್ರೆ ಕೇಳಿ.”

ಹಿಂದಿನ ಸಾಲಿನಿಂದ ಎಂಜಿನಿಯರು ತಗ್ಗಿದ ದನಿಯಲ್ಲಿ, “ಹೌದು, ನಿಜ,” ಎಂದರು.

ಆಗ ಮೂಲೆಯಲ್ಲಿ ಸದಾ ಹುಬ್ಬು ಗಂಟಿಕ್ಕಿ ಕೂರುವ, ಅಧ್ಯಕ್ಷರೂ ಹೆದರುವ ಹಿರಿಯ ಸದಸ್ಯೆಯೊಬ್ಬರು ಮೇಜು ತಟ್ಟಿದರು. “ಮೂರು ವರ್ಷದಿಂದ ಈ ಫೈಲಿನಿಂದ ಗಾಳಿ ಹಾಕ್ಕೋತಾ ಇದೀನಿ! ನನಗೆ ಕೋಪ ಅಂದ್ಕೊಂಡು ನೀವೆಲ್ಲ ನನ್ನ ಮಾತಿಗೆಲ್ಲ ಹೂಂ ಅಂದ್ರಿ. ಈ ಮೇಡಮ್ಮಿನ ಥರ ಒಂದು ಮಾತು ಹೇಳೋ ಧೈರ್ಯ ನನಗಿರ್ಲಿಲ್ಲ ನೋಡಿ. ಮುಂದುವರಿಸಮ್ಮಾ!”

“ಒಂದು ನಿಮಿಷ,” ಎಂದು ಹೆಂಡತಿ ಬಗ್ಗಿ ಪೀಠದ ಅಡಿ ನೋಡಿದಳು. ನೀಲಿ ಟೇಪು ಕಂಡಿತು. ಟೇಪಿಗೆ ಹೀಗೆ ಮೂರು ಸುತ್ತು ಸುತ್ತಿ ತುದಿ ಮಡಚುವ ಮನುಷ್ಯ ಭೂಮಿಯ ಮೇಲೆ ಒಬ್ಬನೇ. ಅವಳು ಜಾಲರಿಯ ಕಡೆ ತಿರುಗಿ, “ಏನ್ರೀ, ಹೊರಗೆ ಬನ್ನಿ,” ಎಂದಳು.

ತಂಪಣ್ಣ ಸ್ಕ್ರೂಡ್ರೈವರ್ ಹಿಡಿದು, ಜಾಲರಿಯ ಬಾಗಿಲಿನಿಂದ ಬಗ್ಗಿ ಹೊರಬಂದ.

“ಇವರ್ಯಾರು?” ಎಂದರು ಅಧ್ಯಕ್ಷರು ಹಲ್ಲು ಕಟಕಟಿಸುತ್ತ.

“ನಮ್ಮ ಏಸಿ ಗುತ್ತಿಗೆದಾರರು ಸರ್. ನಮ್ಮನೆಯವರೂ ಹೌದು.”

“ತಪ್ಪು ನನ್ನದೇ ಸಾರ್,” ಎಂದ ತಂಪಣ್ಣ. “ನಮ್ಮ ಮನೆಯವಳಿಗೆ ಅನುಕೂಲ ಆಗ್ಲಿ ಅಂತ ತಂತಿ ಜಾಗ ಬದಲಾಯಿಸ್ದೆ. ಅವಳಿಗೆ ಯಾವ ಅನುಕೂಲವೂ ಬೇಕಾಗಿರ್ಲಿಲ್ಲ.”

ಮಂಡಳಿಯ ತೀರ್ಮಾನಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಚಳಿಯಲ್ಲಿ ಯಾರಿಗೂ ಭಾಷಣ ಮಾಡುವ ಹುಮ್ಮಸ್ಸಿರಲಿಲ್ಲ. ಸರ್ವಾನುಮತ. ಸುಮಾರು ಸಾಹೇಬರು ಕೂಡ, ಬಿಸಿ ಚಹಾ ಸಿಕ್ಕರೆ ಸಾಕು ಎಂಬ ಸ್ಥಿತಿಯಲ್ಲಿ, ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದರು.

ಆ ವಾರವೆಲ್ಲ ತಂಪಣ್ಣ ನೆಲದ ಮೇಲೆ ನಡೆಯಲಿಲ್ಲ. ಬೀದಿಯವರೆಲ್ಲ, “ಹೆಂಡತಿ ಅಧಿಕಾರಿ ಆದ್ರಂತೆ! ಇನ್ನೇನಪ್ಪ, ಆಫೀಸಿನ ರಿಪೇರಿಯೆಲ್ಲ ನಿನ್ನದೇ,” ಎನ್ನುವಾಗ ಗಂಭೀರವಾಗಿ ಮೀಸೆ ತಿರುವುತ್ತಿದ್ದ. ಅಧಿಕಾರ ವಹಿಸಿಕೊಂಡ ದಿನ ಸಂಜೆ ಹೆಂಡತಿ ಮನೆಗೆ ಬಂದು ಒಂದು ಲಕೋಟೆ ಅವನ ಕೈಗಿಟ್ಟಳು. ಅವನು ಒಡೆದು ಓದಿದ. ಮುಖ್ಯಸ್ಥರ ಪತಿಗೆ ಆ ಕಚೇರಿಯ ಗುತ್ತಿಗೆ ಇರುವುದು ನಿಯಮಬಾಹಿರ. ಆದ್ದರಿಂದ ಸದರಿ ಗುತ್ತಿಗೆಯನ್ನು ಕೊನೆಗೊಳಿಸಲಾಗಿದೆ. ಜೊತೆಗೆ, ಅನುಮತಿಯಿಲ್ಲದೆ ಸಭಾಂಗಣದ ಉಪಕರಣ ಸ್ಥಳಾಂತರಿಸಿದ್ದಕ್ಕೆ ಸದರಿಯವರಿಗೆ ಎಚ್ಚರಿಕೆ ನೀಡಲಾಗಿದೆ.

“ಅಲ್ಲ ಕಣೇ, ನೀನು ಕುರ್ಚಿ ಏರ್ಲಿ ಅಂತ ಒದ್ದಾಡಿದ್ದು ನಾನು!”

“ಅದಕ್ಕೇ ಎಚ್ಚರಿಕೆ ಅಷ್ಟಕ್ಕೇ ನಿಲ್ಲಿಸಿದೀನಿ. ನಿಯಮದಲ್ಲಿ ದಂಡಾನೂ ಇದೆ,” ಎಂದಳು ಅವಳು ಬಾಟಲಿ ಎತ್ತಿಳಿಸುತ್ತ.

“ಸರಿಯಾಗಿ ಮಾಡಿದ್ಯಮ್ಮ,” ಎಂದಳು ಅತ್ತೆ, ಇನ್ನೊಂದು ಬಾಟಲಿಯೊಂದಿಗೆ.

ಈಗ ಆ ಪತ್ರ ಗಾಜಿನ ಚೌಕಟ್ಟಿನಲ್ಲಿ ತಂಪಣ್ಣನ ಅಂಗಡಿಯ ಗೋಡೆಯ ಮೇಲಿದೆ. ಗುತ್ತಿಗೆ ಹೋದ ಪತ್ರವನ್ನು ಯಾರಾದರೂ ಚೌಕಟ್ಟು ಹಾಕಿಸುತ್ತಾರಾ ಎಂದು ಗಿರಾಕಿಗಳು ಕೇಳಿದರೆ ಅವನು ಒದ್ದೆ ಬಟ್ಟೆಯಿಂದ ಗಾಜು ಒರೆಸಿ, ಕೆಳಗಿನ ಮೂಲೆಗೆ ಬೆರಳಿಡುತ್ತಾನೆ.

“ಮೇಲಿನದನ್ನ ಓದ್ಬೇಡಿ ಸ್ವಾಮಿ. ಸಹಿ ನೋಡಿ. ‘ಮುಖ್ಯಸ್ಥೆ’ ಅಂತ ಅವಳು ಹಾಕಿದ ಮೊಟ್ಟಮೊದಲ ಸಹಿ ನನ್ನ ಮೇಲೇ.”